ಅವ್ವನ ಕ್ಯಾಸೆಟ್ಟು, ಅಪ್ಪನ ತಮಟೆ ಮತ್ತು ಒಂದು ಹೆಡ್‌ಫೋನು



ನಾನು ಹೆಡ್‌ಫೋನ್ ಹಾಕ್ಕೊಂಡು ಕಣ್ಣುಮುಚ್ಚಿ ಕೂತಿದ್ದ ಫೋಟೋನ ಮಗಳು ಸ್ಟೇಟಸ್ಸಿಗೆ ಹಾಕಿಬಿಟ್ಟಳು. ಅದನ್ನ ನೋಡಿ ಮೊಳಕಾಲ್ಮೂರಿನ ಒಬ್ಬ ತಮ್ಮ ಫೋನ್ ಮಾಡಿದ. "ಏನಣ್ಣ, ಐದು ಸಾವಿರದ್ದಂತೆ! ಇಲ್ಲಿ ಬ್ಯಾನರ್ ಪ್ರಿಂಟ್ ಹಾಕಿಸೋಕೆ ನಾವು ಚಂದಾ ಎತ್ತುತಾ ಇದ್ದೀವಿ, ನೀನು ಸಾಹೇಬರ ಥರ ಹಾಡು ಕೇಳ್ಕೊಂಡು ಕೂತಿದೀಯಲ್ಲ" ಅಂದ. ನಗ್ತಾನೇ ಅಂದ. ಆದರೆ ಆ ನಗುವಿನೊಳಗೆ ಒಂದು ಮುಳ್ಳಿತ್ತು. ಫೋನಲ್ಲಿ ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಇನ್ನೂ ನಾಲ್ಕೈದು ಜನ "ಯಾವುದು ತಗೊಂಡ್ರಿ, ಹೆಂಗೆ ಆರಿಸಿದ್ರಿ" ಅಂತ ಇನ್‌ಬಾಕ್ಸಲ್ಲಿ ಕೇಳಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಯಾಕೆ ಬೇಕಾಯ್ತು ಅಂತ ಹೇಳ್ತೀನಿ.

ಚಳ್ಳಕೆರೆಯಲ್ಲಿ ನಾನು ಇರೋದು ಬಾಡಿಗೆ ಮನೆ. ಮನೆ ಕೇಳೋಕೆ ಹೋದಾಗ ಅಡ್ವಾನ್ಸ್ ಎಷ್ಟು ಕೊಡ್ತೀರಿ ಅನ್ನೋದಕ್ಕಿಂತ ಮೊದಲು ಬರೋ ಪ್ರಶ್ನೆ "ನೀವು ಯಾರ ಪೈಕಿ?" ಅನ್ನೋದು. ನಮ್ಮಲ್ಲಿ ಮನೆ ಹುಡುಕಿದ ಪ್ರತಿಯೊಬ್ಬರಿಗೂ ಇದು ಗೊತ್ತು. ನಾನು ಸುಳ್ಳು ಹೇಳೋದಿಲ್ಲ, ಅದಕ್ಕೇ ನಾಲ್ಕು ಮನೆ ತಪ್ಪಿ ಐದನೇದು ಸಿಕ್ಕಿತು. ಇಲ್ಲಿ ಒಂದು ಭಾನುವಾರ ಬೆಳಗ್ಗೆ ಸ್ಪೀಕರಲ್ಲಿ ಭೀಮಗೀತೆ ಹಾಕಿದ್ದೆ. ಜೋರಾಗೇನೂ ಇರಲಿಲ್ಲ. ಮಾಲೀಕರು ಮೆಟ್ಟಿಲ ಮೇಲೆ ನಿಂತು, "ಇದನ್ನೆಲ್ಲ ಇಲ್ಲಿ ಹಾಕಬೇಡಿ, ಅಕ್ಕಪಕ್ಕದೋರು ಕೇಳ್ತಾರೆ" ಅಂದರು. ಅವರ ಮನೆ ಸುಪ್ರಭಾತ ಬೆಳಗ್ಗೆ ಐದಕ್ಕೇ ಇಡೀ ಬೀದಿಗೆ ಕೇಳಿಸುತ್ತೆ. ಅದಕ್ಕೆ ಅಕ್ಕಪಕ್ಕ ಇಲ್ಲ. ನಾನು ಜಗಳ ಆಡಬಹುದಿತ್ತು. ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರ ಇತ್ತು. ಸುಮ್ಮನಾದೆ. ಆ ಸುಮ್ಮನಾಗಿದ್ದು ಎದೇಲಿ ಉಳೀತು.

ಎರಡನೇ ಕಾರಣ ಒಂದು ಕ್ಯಾಸೆಟ್ಟು. 1999ರಲ್ಲಿ ನಾನು ಬಿಎ ಓದೋವಾಗ ಹಾಸ್ಟೆಲಿನ ಗೆಳೆಯನ ಟೇಪ್ ರೆಕಾರ್ಡರ್ ಕಾಡಿಬೇಡಿ ತಗೊಂಡು ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರಿಗೆ ಹೋಗಿ ಅವ್ವನ ಸೋಬಾನೆ ಪದಗಳನ್ನ ರೆಕಾರ್ಡ್ ಮಾಡಿದ್ದೆ. ಅವ್ವ ಹೋಗಿ ಹದಿನಾಲ್ಕು ವರ್ಷ ಆಯ್ತು. ಅವಳ ದನಿ ಅಂತ ಉಳಿದಿರೋದು ಅದೊಂದೇ. ಹೋದ ವರ್ಷ ಅದನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಆದರೆ ಮೊಬೈಲ್ ಸ್ಪೀಕರಲ್ಲಿ ಕೇಳಿದರೆ 'ಸರ್' ಅನ್ನೋ ಟೇಪಿನ ಸದ್ದೇ ಜಾಸ್ತಿ, ಅವ್ವ ಅರ್ಧ.

ಇಷ್ಟರಲ್ಲಿ ಡಿಎ ಬಾಕಿ ಬಂತು. ಅದರಲ್ಲಿ ಐದು ಸಾವಿರ ನನ್ನ ಕಿವಿಗೆ ಅಂತ ಎತ್ತಿಟ್ಟೆ. ಮನೆಯವರು ಒಪ್ಪಿದರು.

ಇದಕ್ಕೆ ಮುಂಚೆ ಒಂದು ಸಲ ಏಮಾರಿದ್ದೆ. ಏಳುನೂರು ರೂಪಾಯಿಗೆ ಒಂದು ಬ್ಲೂಟೂತ್ ಸೆಟ್ಟು, ಡಬ್ಬಿ ಮೇಲೆಲ್ಲ ಬೇಸು ಬೇಸು ಅಂತ ದೊಡ್ಡಕ್ಷರ. ತಂದು ತಮಟೆ ರೆಕಾರ್ಡಿಂಗ್ ಹಾಕಿದೆ. ಗೋಣಿಚೀಲಕ್ಕೆ ಒದ್ದ ಹಾಗೆ ಧಬ್ ಧಬ್. ತಮಟೆ ಅನ್ನೋದು ಧಬ್ ಅಲ್ಲ ಕಣ್ರಪ್ಪ. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮದ ಮೇಲೆ ಒಂದು ಕೈಯ ದಪ್ಪ ಕೋಲು ಒಂದು ಮಾತಾಡಿದರೆ, ಇನ್ನೊಂದು ಕೈಯ ಸಣ್ಣ ಕಡ್ಡಿ 'ಚಟ್' ಅಂತ ಅದಕ್ಕೆ ಉತ್ತರ ಕೊಡುತ್ತೆ. ಆ ಕಡ್ಡಿ ಸದ್ದೇ ಇಲ್ಲದ ಮೇಲೆ ಅದು ಅಪ್ಪನ ತಮಟೆ ಹೆಂಗಾಗುತ್ತೆ? ಎಂಟು ತಿಂಗಳಿಗೆ ಅದರ ಬ್ಯಾಟರಿಯೂ ಸತ್ತಿತು.

ಆಮೇಲೆ ಸ್ವಲ್ಪ ಓದಿದೆ, ನಾಲ್ಕು ಜನ ತಿಳಿದವರನ್ನ ಕೇಳಿದೆ. ಅರ್ಥ ಆಗಿದ್ದು ಇಷ್ಟು.

ಒಂದು. ಡಬ್ಬಿ ಮೇಲೆ 20ರಿಂದ 20,000 ಹರ್ಟ್ಜ್ ಅಂತ ಬರೆದಿರ್ತಾರೆ. ಮನುಷ್ಯರ ಕಿವಿಗೆ ಕೇಳಿಸೋ ಸದ್ದಿನ ಎಲ್ಲೆಯೇ ಹೆಚ್ಚುಕಮ್ಮಿ ಅಷ್ಟು. ಮುನ್ನೂರು ರೂಪಾಯಿದರ ಮೇಲೂ ಅದೇ, ಮೂವತ್ತು ಸಾವಿರದ್ದರ ಮೇಲೂ ಅದೇ. ಆ ಎಲ್ಲೆಯೊಳಗೆ ಯಾವುದನ್ನ ಎತ್ತುತ್ತೆ, ಯಾವುದನ್ನ ತುಳಿಯುತ್ತೆ ಅನ್ನೋದು ಮುಖ್ಯ, ಅದನ್ನ ಡಬ್ಬಿ ಹೇಳೋದಿಲ್ಲ. ಬೇಸನ್ನ ಅತಿಯಾಗಿ ಎತ್ತಿದರೆ ಅದರ ಮೇಲಿರೋ ಮನುಷ್ಯರ ದನಿ ಮುಚ್ಚಿಹೋಗುತ್ತೆ. ಮಾತು ಮಾತಾಗಿ ಕೇಳಿಸೋದು ಬಹುಪಾಲು 1,000ದಿಂದ 4,000 ಹರ್ಟ್ಜ್ ನಡುವೆ. ಸ, ಶ, ಚ ಥರದ ಅಕ್ಷರಗಳು ಇನ್ನೂ ಮೇಲಕ್ಕೆ ಹೋಗ್ತವೆ. ಹಾಡಿನ ಪದ ಬಿಡಿಬಿಡಿಯಾಗಿ ಬೇಕು ಅನ್ನೋರು ಈ ನಡುವಿನ ಭಾಗ ಸ್ವಚ್ಛವಾಗಿರೋದನ್ನ ಹುಡುಕಬೇಕು. ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ತಪಾಸಣೆಗೆ ಅಂತ ಮಾಡೋ 'ಮಾನಿಟರ್' ಹೆಡ್‌ಫೋನುಗಳು ಸಾಮಾನ್ಯವಾಗಿ ಈ ಜಾತಿಯವು. (ಜಾತಿ ಅನ್ನೋ ಪದ ನಾನು ಒಳ್ಳೇ ಅರ್ಥದಲ್ಲಿ ಬಳಸಿದ್ದು ಇದೇ ಮೊದಲು.)

ಎರಡು. ಮನೆಯಲ್ಲಿ ಕೂತು ಕೇಳೋಕೆ ವೈರ್ ಇರೋದೇ ವಾಸಿ. ಬ್ಲೂಟೂತಿನದರಲ್ಲಿ ನಾವು ಕೊಡೋ ದುಡ್ಡಿನ ಒಂದು ಪಾಲು ಬ್ಯಾಟರಿಗೆ, ಚಿಪ್ಪಿಗೆ ಹೋಗುತ್ತೆ. ಹೊರಗಿನ ಸದ್ದು ಅಡಗಿಸೋ ತಂತ್ರ ಇದ್ದರೆ ಅದಕ್ಕೂ ಒಂದು ಪಾಲು. ವೈರಿನದರಲ್ಲಿ ಹೆಚ್ಚಿನಂಶ ಸದ್ದಿಗೇ ಹೋಗುತ್ತೆ, ಸಾಯೋಕೆ ಬ್ಯಾಟರಿನೂ ಇಲ್ಲ. ಫೋನಿಗೆ ಹಳೇ ಥರದ 3.5 ಎಂಎಂ ತೂತು ಇಲ್ಲದಿದ್ದರೆ ಟೈಪ್ ಸಿ ಡಾಂಗಲ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಮೂರು. ಓಮ್ ಲೆಕ್ಕ. 250 ಓಮಿನ ಹೆಡ್‌ಫೋನ್ ತಂದು ಮೊಬೈಲಿಗೆ ಚುಚ್ಚಿದರೆ ಸದ್ದು ಪಿಸುಗುಟ್ಟುತ್ತೆ, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು. ಮೊಬೈಲಿಗೆ ಮೂವತ್ತರಿಂದ ಅರವತ್ತು ಓಮಿನ ಆಸುಪಾಸಿನದು ಸಾಕು.

ನಾಲ್ಕು. ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್ ಅಂತ ಎರಡು ಥರ. ಓಪನ್ ಅಂದ್ರೆ ಕಿವಿಬಟ್ಟಲ ಹಿಂದೆ ಜಾಲರಿ ಇರುತ್ತೆ. ಬಯಲಲ್ಲಿ ಕೂತು ಕೇಳಿದ ಹಾಗೆ ಸದ್ದು ಹರವಾಗಿ ಬರುತ್ತೆ, ಆದರೆ ನೀವು ಕೇಳೋದು ಪಕ್ಕದವರಿಗೂ ಕೇಳುತ್ತೆ, ಅವರ ಮಿಕ್ಸಿ ನಿಮಗೂ ಕೇಳುತ್ತೆ. ಫಿಲಿಪ್ಸಿನ ಎಸ್‌ಎಚ್‌ಪಿ 9500 ಅಂಥದ್ದು, ಹೆಸರುವಾಸಿ. ಸ್ವಂತ ರೂಮು ಇರೋರಿಗೆ ಅದು ಸರಿ. ಒಂದೇ ರೂಮಲ್ಲಿ ಮಗಳು ಓದ್ತಾ, ಮನೆಯವರು ಮಲಗಿರೋ ನಮ್ಮಂಥ ಮನೆಗೆ ಕ್ಲೋಸ್ಡೇ ಗತಿ. ನಮ್ಮ ಬಿಸಿಲುಗಾಲದಲ್ಲಿ ಕಿವಿ ಬೆವರುತ್ತೆ ನಿಜ, ಅರ್ಧ ಗಂಟೆಗೊಮ್ಮೆ ತೆಗೆದಿಟ್ಟರಾಯ್ತು.

ಒಳಮೀಸಲಾತಿ ಹೋರಾಟಕ್ಕೆ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆನಲ್ಲ, ಅವತ್ತು ಸಂಜೆ ಬಸ್ಸಿಗೆ ಟೈಮಿತ್ತು. ಎಸ್.ಪಿ. ರಸ್ತೆ ಕಡೆ ನಡೆದೆ. ಒಂದು ಅಂಗಡಿಯಲ್ಲಿ ಕೇಳಿಸಿ ಕೊಡ್ತೀವಿ ಅಂದರು. ಹುಡುಗ ನನ್ನ ನೀಲಿ ಶಾಲು ನೋಡಿ, "ಸರ್, ನೀವು ಯಾವ ಥರ ಮ್ಯೂಸಿಕ್ ಕೇಳ್ತೀರಿ?" ಅಂದ. "ತಮಟೆ" ಅಂದೆ. ಪಕ್ಕದಲ್ಲಿದ್ದವನು ನಕ್ಕ. ಈ ಹುಡುಗ ನಗಲಿಲ್ಲ. "ಹಂಗಾದ್ರೆ ಬೇಸ್ ಜಾಸ್ತಿ ಇರೋದು ಬೇಡ ಸರ್" ಅಂದ. ಅವನಿಗೆ ಅವನ ಕಸುಬು ಗೊತ್ತಿತ್ತು. ಆ ಒಂದು ಮಾತಿಗೆ ನಾನು ಆ ಅಂಗಡಿಯಲ್ಲೇ ಕೊಂಡೆ.

ಹೋಗೋವಾಗ ಮೊಬೈಲಲ್ಲಿ ಮೂರು ಫೈಲು ಇಟ್ಕೊಂಡು ಹೋಗಿದ್ದೆ. ನಿಮಗೂ ಇದನ್ನೇ ಹೇಳ್ತೀನಿ, ಅಂಗಡಿಯವರು ಹಾಕಿ ತೋರಿಸೋ ಹಾಡು ಕೇಳಬೇಡಿ, ನಿಮಗೆ ಬಾಯಿಪಾಠ ಆಗಿರೋದನ್ನ ಕೇಳಿ. ನನ್ನವು ಇವು: 1955ರಲ್ಲಿ ಬಾಬಾಸಾಹೇಬರು ಬಿಬಿಸಿಗೆ ಕೊಟ್ಟ ಸಂದರ್ಶನ, ಏಪ್ರಿಲ್ 14ರ ಮೆರವಣಿಗೆಯ ತಮಟೆ, ಮತ್ತೆ ಅವ್ವನ ಕ್ಯಾಸೆಟ್ಟು. ಮನುಷ್ಯರ ದನಿ, ವಾದ್ಯ, ಹಾಳಾದ ಹಳೇ ಟೇಪು. ಮೂರಕ್ಕೂ ನ್ಯಾಯ ಮಾಡೋದು ಯಾವುದೋ ಅದೇ ನನ್ನದು.

ಮೂರು ಸೆಟ್ ಹಾಕಿ ನೋಡಿದೆ. ಕೊನೆಗೆ ತಗೊಂಡಿದ್ದು ಆಡಿಯೋ ಟೆಕ್ನಿಕಾದ ಎಂ20ಎಕ್ಸ್. ಕ್ಲೋಸ್ಡ್, 40 ಎಂಎಂ ಡ್ರೈವರ್, 47 ಓಮ್. ವೈರು ಮೂರು ಮೀಟರ್, ಬಿಚ್ಚೋಕೆ ಬರಲ್ಲ, ಹಾಗಾಗಿ ಜೋಪಾನವಾಗಿ ಸುತ್ತಿಡಬೇಕು. ವೈರು ಬಿಚ್ಚಿ ಬದಲಾಯಿಸೋ ಹಾಗಿರೋದು ಅದೇ ಸಾಲಿನ ಎಂ40ಎಕ್ಸ್, ಅದು ನನ್ನ ಬಜೆಟ್ಟಿಗೆ ಮೀರಿದ್ದು. ಇದೇ ಶ್ರೇಷ್ಠ ಅಂತ ನಾನು ಹೇಳ್ತಿಲ್ಲ. ತಲೆಗೆ ಹಾಕಿ ಹತ್ತು ನಿಮಿಷ ಕೂರಿ. ಕಿವಿ ಪೂರಾ ಒಳಗೆ ಕೂರಬೇಕು, ಕನ್ನಡಕದ ಕಡ್ಡಿ ಒತ್ತಬಾರದು. ಅಷ್ಟಾದರೆ ನಿಮ್ಮ ಕಿವಿಯೇ ಹೇಳುತ್ತೆ.

ಅಲ್ಲೇ ನಿಂತು ಬಾಬಾಸಾಹೇಬರ ದನಿ ಕೇಳಿದೆ. ಅವರನ್ನ ನಾವು ಪುತ್ಥಳಿಯಲ್ಲಿ, ಫೋಟೋದಲ್ಲಿ, ಸಂಪುಟಗಳಲ್ಲಿ ನೋಡಿದ್ದೀವಿ. ಕಿವಿ ಹತ್ತಿರ ಕೂತು ಮಾತಾಡಿದ ಹಾಗೆ ಕೇಳಿದ್ದು ಕಡಿಮೆ. ಇಂಗ್ಲಿಷ್ ಅಷ್ಟೂ ನನಗೆ ಅರ್ಥ ಆಗಲ್ಲ. ಆದರೆ ಯಾರಿಗೂ ಹೆದರದೆ, ಯಾರನ್ನೂ ಮೆಚ್ಚಿಸೋಕೆ ಹೋಗದೆ, ನಿಧಾನಕ್ಕೆ ಮಾತಾಡೋ ಆ ದನಿ ಅರ್ಥ ಆಯ್ತು. ಅವರೂ ಪಿಟೀಲು ಕಲಿತವರು ಅನ್ನೋದು ನೆನಪಾಯ್ತು. ಅಷ್ಟೆಲ್ಲ ಕೆಲಸದ ನಡುವೆ ಆ ಮನುಷ್ಯ ಪಿಟೀಲಿಗೆ ಟೈಮ್ ಕೊಟ್ಟಿದ್ದಾರೆ. ತಮ್ಮಾ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಐತೆ.

ಇನ್ನರ್ಧ ನಮ್ಮಪ್ಪನ ಕಥೆ.

ಅಪ್ಪ ಊರಿನ ಜಾತ್ರೆ, ಹಬ್ಬ, ಸಾವು ಎಲ್ಲಕ್ಕೂ ತಮಟೆ ಬಡಿದವನು. ಕರೆದಾಗ ಹೋಗಲೇಬೇಕಿತ್ತು, ಜ್ವರ ಇದ್ದರೂ. ದೇವರ ಮುಂದೆ ಬಡೀಬೇಕು, ಗುಡಿ ಒಳಗೆ ಹೋಗಂಗಿಲ್ಲ. ಕೂಲಿ ಅಂತ ಒಂದಿಷ್ಟು ಕಾಳು. ಐವತ್ತು ದಾಟುವಷ್ಟರಲ್ಲಿ ಅಪ್ಪನಿಗೆ ಕಿವಿ ಮಂದ ಆಯ್ತು. ವರ್ಷಗಟ್ಟಲೆ ಎದೆ ಹತ್ತಿರ ಅಷ್ಟು ಸದ್ದು ಇಟ್ಕೊಂಡರೆ ಕಿವಿ ಉಳಿಯೋದು ಹೆಂಗೆ? ಊರಿಗೆಲ್ಲ ಕೇಳಿಸಿದವನು ಕೊನೆಗೆ ಮೊಮ್ಮಗಳ ತೊದಲು ಮಾತು ಕೇಳಿಸ್ಕೊಳ್ಳದೆ ಹೋದ. ನಮ್ಮ ಜನ ತಲೆತಲಾಂತರದಿಂದ ಸದ್ದು ಮಾಡಿದ್ದಾರೆ, ಬೇರೆಯವರ ಸಂಭ್ರಮಕ್ಕೆ. ಕೂತು ಕೇಳೋ ಪುರುಸೊತ್ತು ಅವರಿಗೆ ಯಾರೂ ಕೊಡಲಿಲ್ಲ. ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ತಮಟೆಯನ್ನ ಬಡಿಯೋರಾಗಿ ಅಲ್ಲ, ಕೇಳೋರಾಗಿ ಕೇಳಿದ ನಮ್ಮ ಮನೆಯ ಮೊದಲ ಗಂಡಸು ನಾನೇ ಇರಬೇಕು. ಇದು ಸಾಹೇಬರಾಟ ಅನ್ನೋದಾದ್ರೆ ಅನ್ನಲಿ.

ಅಪ್ಪನ ಕಾರಣಕ್ಕೇ ಒಂದು ಎಚ್ಚರಿಕೆ. ವಾರಕ್ಕೆ 40 ಗಂಟೆ, 80 ಡೆಸಿಬಲ್, ಇದು ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ. ಅದಕ್ಕಿಂತ ಜೋರಾದರೆ ಗಂಟೆಗಳು ಬೇಗ ಕಡಿಮೆಯಾಗ್ತವೆ. ಅರ್ಧ ವಾಲ್ಯೂಮಿಗೆ ನಿಲ್ಲಿಸಿ. ಹೋದ ಕಿವಿ ವಾಪಸ್ ಬರಲ್ಲ.

ಈಗ ಕ್ಯಾಸೆಟ್ಟಿನ ಮಾತು. ಹೆಡ್‌ಫೋನ್ ಮನೆಗೆ ತಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನ ಪೂರಾ ಹಾಕಿದೆ. ನಾಲ್ಕನೇ ಪದ ಶುರುವಾಗೋ ಮುಂಚೆ ಒಂದು ಗುಜುಗುಜು ಸದ್ದು ಇತ್ತು. ಇಪ್ಪತ್ತೈದು ವರ್ಷ ಅದನ್ನ ಟೇಪು ಎಳೆದಿದ್ದು ಅಂದ್ಕೊಂಡಿದ್ದೆ. ಅದು ಅಪ್ಪ. ಬಾಗಿಲ ಹತ್ತಿರ ಕೂತು ಹೇಳ್ತಾನೆ, "ಮೆಲ್ಲುಕ್ ಹೇಳೇ, ದಾರೀಲಿ ದೊಡ್ಡೋರು ಹೋಗ್ತಾವ್ರೆ."

ನಮ್ಮ ಗುಡಿಸಲಲ್ಲಿ, ನಮ್ಮವ್ವ, ನಮ್ಮ ಪದ. ಹೇಳಬೇಕಾಗಿದ್ದು ಮೆಲ್ಲಗೆ.

ಹೆಡ್‌ಫೋನ್ ತೆಗೆದಿಟ್ಟು ಸುಮಾರು ಹೊತ್ತು ಕೂತಿದ್ದೆ. ಅವತ್ತು ಅಪ್ಪ ಹೇಳಿದ್ದು, ಮೊನ್ನೆ ಮೆಟ್ಟಿಲ ಮೇಲೆ ನಿಂತು ಮಾಲೀಕರು ಹೇಳಿದ್ದು, ಎರಡೂ ಒಂದೇ ಮಾತಲ್ಲವಾ? ಹೆದರಿ ಹೇಳಿದ್ದು ಒಂದು, ಹೆದರಿಸಿ ಹೇಳಿದ್ದು ಇನ್ನೊಂದು. ಹಾಗಾದರೆ ಐದು ಸಾವಿರ ಕೊಟ್ಟು ನಾನು ತಂದಿದ್ದು ಏನು, ಮೆಲ್ಲಗೆ ಇರೋದನ್ನೇ? ಈ ಪ್ರಶ್ನೆ ತಮ್ಮನ ಪ್ರಶ್ನೆಗಿಂತ ಕಷ್ಟದ್ದು. ನನ್ನ ಉತ್ತರ ಇಷ್ಟೇ: ರಾತ್ರಿ ಹತ್ತಕ್ಕೆ ಮಗಳು ಓದ್ತಿರೋವಾಗ ಹಾಕ್ಕೊಳ್ಳೋದು ನನ್ನ ಆಯ್ಕೆ. ಭಾನುವಾರ ಬೆಳಗ್ಗೆ ಬಲವಂತಕ್ಕೆ ಹಾಕ್ಕೊಳ್ಳಲ್ಲ. ಈಗ ಪರೀಕ್ಷೆ ಮುಗಿದಿದೆ. ಸ್ಪೀಕರ್ ಅಟ್ಟದ ಮೇಲಿಂದ ಕೆಳಗೆ ಬಂದಿದೆ, ಮಾಲೀಕರಿಗೂ ಹೇಳಿದ್ದೀನಿ, ಸುಪ್ರಭಾತ ಎಷ್ಟು ಜೋರೋ ಅಷ್ಟೇ ಜೋರು. ಮನೆ ಖಾಲಿ ಮಾಡಿ ಅಂದರೆ ಆರನೇ ಮನೆ ಹುಡುಕ್ತೀನಿ.

ಅಂದಹಾಗೆ, ಅಪ್ಪ ಹಂಗಂದ ಮೇಲೆ ಅವ್ವ ಒಂದು ಗಳಿಗೆ ಸುಮ್ಮನಾಗ್ತಾಳೆ. ಬಳೆ ಸದ್ದು ಬರುತ್ತೆ. ಆಮೇಲೆ ನಾಲ್ಕನೇ ಪದ ಎತ್ತುತಾಳೆ. ದನಿ ಇಳಿಸಿಲ್ಲ.

ಕೊನೆಗೆ ಒಂದು ಕೋರಿಕೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಕೊನೆಗೆ ಬರೆದ ಲಿಪಿಕಾರನ ಹೆಸರೂ ಇದೆ, ಚಪಡ ಅಂತ. ಒಬ್ಬ ಗುಮಾಸ್ತನ ಹೆಸರು ಎರಡು ಸಾವಿರ ವರ್ಷ ಉಳಿದಿದೆ ಅಂತ ಗುಮಾಸ್ತನಾದ ನನಗೆ ಖುಷಿ. ಆದರೆ ನಮ್ಮ ಅವ್ವಂದಿರ ಪದಕ್ಕೆ ಬಂಡೆ ಸಿಗಲಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ನೆನಪಲ್ಲೇ ಸಾವಿರಾರು ಪದ ಇಟ್ಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥವರು ಕೂತು ಕೇಳಿದ್ದಕ್ಕೆ ಅವು ಉಳಿದವು. ನಮ್ಮ ಕೇರಿಗಳಲ್ಲಿ ಅಂಥ ಎಷ್ಟು ಅಜ್ಜಿಯರು ಯಾರೂ ಕೇಳದೆ ಹೋದರೋ.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಕ್ಯಾಸೆಟ್ ಇದ್ದರೆ ಎಸೀಬೇಡಿ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಸಾಕು. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಮೊದಲು ವೇವ್ ಫೈಲಾಗಿ ಉಳಿಸಿ, ಒಂದು ಗಂಟೆಯ ಕ್ಯಾಸೆಟ್ಟು ಸುಮಾರು 600 ಎಂಬಿ ಆಗುತ್ತೆ. ವಾಟ್ಸಾಪಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ, ಸದ್ದು ಹಾಳಾಗಲ್ಲ. ಗೊತ್ತಾಗದಿದ್ದರೆ ಯಾವುದಾದರೂ ಭಾನುವಾರ ಕ್ಯಾಸೆಟ್ ತಗೊಂಡು ಚಳ್ಳಕೆರೆಗೆ ಬನ್ನಿ, ಕೂತು ಇಳಿಸೋಣ.

ತಮ್ಮಾ, ಬ್ಯಾನರ್ ಚಂದಾಕ್ಕೆ ನನ್ನ ಪಾಲು ಇವತ್ತೇ ಕಳಿಸಿದ್ದೀನಿ. ನಿಮ್ಮಜ್ಜಿ ಪದ ಹೇಳ್ತಿದ್ದರು ಅಂದಿದ್ದೆಯಲ್ಲ, ಇನ್ನೂ ಇದ್ದಾರಾ? ಇದ್ದರೆ ಈ ವಾರವೇ ಮೊಬೈಲಲ್ಲಾದರೂ ರೆಕಾರ್ಡ್ ಮಾಡು. ಜೋರಾಗಿ ಹೇಳೋಕೆ ಹೇಳು.

ಜೈಭೀಮ್.