ಬೋಟಿನ ಹೆಂಡತಿ

ಸಾಹಸಿಗಳ ಸಿನಿಮಾ ನೋಡುವಾಗ ನನಗೆ ಸಾಹಸಕ್ಕಿಂತ ಅವರ ಮನೆವಾರ್ತೆಯ ಮೇಲೇ ಕಣ್ಣು. ಈ ಮಹಾಶಯ ತಿಂಗಳುಗಟ್ಟಲೆ ಕಡಲಲ್ಲಿದ್ದರೆ ಮಕ್ಕಳ ಫೀಸು ಕಟ್ಟುವವರು ಯಾರು? ಫ್ರಾನ್ಸಿನ ಕಡಲ ಶೋಧಕ ಜಾಕ್ ಕುಸ್ಟೊ ಕುರಿತು ಜೆರೋಮ್ ಸಾಲ್ 2016ರಲ್ಲಿ ತೆಗೆದ ‘ದಿ ಒಡಿಸ್ಸಿ’ ನನಗೆ ಹಿಡಿಸಿದ್ದು ಅದಕ್ಕೇ. ತಿಮಿಂಗಿಲವನ್ನೂ ತೋರಿಸುತ್ತದೆ, ಮನೆಯ ಜಗಳವನ್ನೂ ಮುಚ್ಚಿಡುವುದಿಲ್ಲ.

ಅದನ್ನು ನೋಡಿದ್ದು ಓಂ ಬೀಚಿನ ಒಂದು ಶ್ಯಾಕಿನಲ್ಲಿ, ಬಿಸಿಲು ಇಳಿಯಲೆಂದು ಕಾಯುತ್ತ, ಲ್ಯಾಪ್‌ಟಾಪಿನಲ್ಲಿ. ಎದುರಿಗೆ ಎರಡು ಕಮಾನುಗಳ ನಡುವೆ ಕಡಲಿಗೆ ಚಾಚಿದ ಕರಿಬಂಡೆ. ಅದರಾಚೆ ಡಾಲ್ಫಿನ್ ತೋರಿಸುವ ದೋಣಿಗಳ ಗಡಗಡ. ಒಲೆಯ ಪಕ್ಕ ಬಂಗುಡೆಯ ಮೈಗೆ ಗೀರು ಹಾಕಿ ಮಸಾಲೆ ತುಂಬುತ್ತಿದ್ದ ಅಜ್ಜಿ ಆಗಾಗ ಕತ್ತು ಚಾಚುತ್ತಿದ್ದರು. ‘ಕ್ಯಾಲಿಪ್ಸೊ’ ಹಡಗಿನ ಮೇಲೆ ಕುಸ್ಟೊನ ಹೆಂಡತಿ ಸಿಮೋನ್ ಕಂಡದ್ದೇ ತಡ, “ತಮಾ, ಅಂವ ಹೆಂಡ್ತಿನೂ ಬೋಟಿಗೆ ಹತ್ತಿಸ್ಕಂಡಾನಾ?” ಎಂದರು.

“ಹೂಂ. ಬೋಟು ಸಜ್ಜು ಮಾಡೂಕೆ ಅವಳ ಬಂಗಾರ ಮಾರಿದ್ದು.”

“ಹಂಗಾರೆ ಅಲ್ಲೂ ನಮ್ಮ ಕತೆನೇಯ” ಎಂದು ಮಸಾಲೆಯ ಬೆರಳು ನೆಕ್ಕಿ ಉಪ್ಪು ನೋಡಿದರು.

ಕ್ಯಾಲಿಪ್ಸೊ ಎರಡನೇ ಮಹಾಯುದ್ಧದ ಕಾಲದ ಹಡಗು, ಕಡಲಿನ ಸಿಡಿಗುಂಡುಗಳನ್ನು ತೆಗೆಯಲು ಕಟ್ಟಿದ್ದು. 1950ರಲ್ಲಿ ಗಿನ್ನೆಸ್ ಮನೆತನದ ಶ್ರೀಮಂತನೊಬ್ಬ ಅದನ್ನು ಕೊಂಡು, ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕುಸ್ಟೊಗೆ ಕೊಟ್ಟ. ಸಿಮೋನ್ ಗಂಡನಿಗಿಂತ ಹೆಚ್ಚು ದಿನ ಆ ಹಡಗಿನಲ್ಲೇ ಕಳೆದಳು. ಸಿಬ್ಬಂದಿಗೆ ತಾಯಿಯಂತಿದ್ದಳು, ಕ್ಯಾಮೆರಾದಿಂದ ಮಾತ್ರ ದೂರ. ಗಂಡುಮಕ್ಕಳಿಬ್ಬರು ಹಾಸ್ಟೆಲಿನಲ್ಲಿ. ಗಂಡನ ‘ದಿ ಸೈಲೆಂಟ್ ವರ್ಲ್ಡ್’ಗೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಅದರಲ್ಲಿ ಮೀನು ಎಣಿಸಲು ಹವಳದ ದಿಬ್ಬಕ್ಕೆ ಡೈನಮೈಟ್ ಇಟ್ಟದ್ದೂ, ಶಾರ್ಕ್‌ಗಳನ್ನು ಬಡಿದು ಕೊಂದದ್ದೂ ಇದೆ! ಆಮೇಲೆ ಇದೇ ಮನುಷ್ಯ ಕಡಲಿನ ವಕೀಲನಾದ. ಆ ತಿರುವಿಗೆ ಸಿನಿಮಾ ಕಿರಿಯ ಮಗ ಫಿಲಿಪ್‌ನನ್ನು ಕಾರಣ ಮಾಡುತ್ತದೆ. ಅಪ್ಪ-ಮಗನ ಜಟಾಪಟಿಯೇ ಕತೆಯ ಬೆನ್ನೆಲುಬು. 1979ರ ಜೂನ್‌ನಲ್ಲಿ ಲಿಸ್ಬನ್ ಬಳಿ ಟಾಗಸ್ ನದಿಯಲ್ಲಿ ಜಲವಿಮಾನ ಒಡೆದು ಫಿಲಿಪ್ ತೀರಿಕೊಂಡ. ಆಗ ಅವನಿಗೆ 38. ನನ್ನ ತಕರಾರು ಒಂದೇ: ಕ್ಯಾಮೆರಾ ಅಪ್ಪ-ಮಗನ ಹಿಂದೆ ಓಡಿದಷ್ಟು ಸಿಮೋನ್ ಹಿಂದೆ ಓಡುವುದಿಲ್ಲ. ಔದ್ರೆ ಟೋಟು ಅವಳನ್ನು ಎಷ್ಟು ಚೆನ್ನಾಗಿ ಆಡಿದರೂ, ಒಂಟಿಯಾಗಿ ಕುಡಿಯುತ್ತ ಕೂತವಳಷ್ಟೇ ನೆನಪಿನಲ್ಲಿ ಉಳಿಯುತ್ತಾಳೆ. 1990ರಲ್ಲಿ ಅವಳು ಸತ್ತ ಮೇಲೆ ಮುದುಕ ಮದುವೆಯಾದ ಫ್ರಾನ್ಸಿನ್‌ಗೆ ಅದಾಗಲೇ ಅವನಿಂದ ಇಬ್ಬರು ಮಕ್ಕಳಿದ್ದರು. ಅಲ್ಲಿಯವರೆಗೆ ಸಿನಿಮಾ ಹೋಗುವುದಿಲ್ಲ.

ಸಂಜೆ ಮರಳಿನ ಮೇಲೆ ಒಬ್ಬ ಹುಡುಗ ಚೀಟಿ ಹಿಡಿದು ಬಂದ: “ನೇತ್ರಾಣಿ ಸ್ಕೂಬಾ ಸರ್, ಮುರ್ಡೇಶ್ವರದಿಂದ ದೋಣಿ. ಅಪ್ಪು ಸರ್ ಇಳಿದ ಜಾಗ.” ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗನ್ಯಾನ್ 1943ರಲ್ಲಿ ಮಾಡಿದ ಉಸಿರಾಟದ ಉಪಕರಣದ ಮೊಮ್ಮಕ್ಕಳನ್ನೇ ನೇತ್ರಾಣಿ ದ್ವೀಪದಲ್ಲಿ ಎಲ್ಲರೂ ಬಾಯಲ್ಲಿ ಕಚ್ಚಿಕೊಳ್ಳುವುದು. ಹುಡುಗ ಹೇಳಿದ ಅಪ್ಪು, ಅಂದರೆ ಪುನೀತ್ ರಾಜ್‌ಕುಮಾರ್ ಕೂಡ. ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ಯಲ್ಲಿ ಅವರು ಕರ್ನಾಟಕದ ಕಾಡು, ಕಡಲು ಸುತ್ತುತ್ತಾರೆ; ಹಾವೆಂದರೆ ಭಯ ಎಂದು ನಾಚಿಕೆಯಿಲ್ಲದೆ ಹೇಳುತ್ತಾರೆ. ಹೆಸರು ಅಪ್ಪ ರಾಜ್‌ಕುಮಾರರ 1973ರ ಸಿನಿಮಾದ್ದು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. 2022ರ ಅಕ್ಟೋಬರ್ 28ಕ್ಕೆ ಚಿತ್ರ ಬಂತು. ತೆರೆಗೆ ತಂದವರು ಪತ್ನಿ ಅಶ್ವಿನಿ.

ಹೆಂಡತಿ ನಿರ್ಮಾಪಕಿಯಾದ ಚಿತ್ರದಲ್ಲಿ ಮನೆಯ ಜಗಳ ಹುಡುಕುವುದು ಹುಚ್ಚುತನ. ಒಂದು ವರ್ಷದ ದುಃಖದಲ್ಲಂತೂ ಇನ್ನೂ. ಕುಸ್ಟೊ ಮನೆಯ ಜಗಳ ತೆರೆಗೆ ಬರಲೂ ಕಾಲ ಬೇಕಾಯಿತು: ಅವನು ಸತ್ತದ್ದು 1997ರಲ್ಲಿ. ಹಿರಿಯ ಮಗ ಜಾನ್-ಮಿಷೆಲ್ ಅಪ್ಪನ ಬಗ್ಗೆ ಬರೆದ ಪುಸ್ತಕವನ್ನು ಆಧರಿಸಿ ಸಿನಿಮಾ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಸಿಮೋನ್ ಪುಸ್ತಕ ಬರೆದಿದ್ದರೆ ಟಿಕೆಟ್ಟಿಗೆ ನಾನೇ ಮೊದಲು ನಿಲ್ಲುತ್ತಿದ್ದೆ.