ಗುಂಡಿ ತೋಡಿದವರು ಯಾರು?

ನಮ್ಮ ಸುಬ್ರಹ್ಮಣ್ಯದಲ್ಲಿ ನಿಂತು ಪೂರ್ವಕ್ಕೆ ತಲೆಯೆತ್ತಿದರೆ ಕುಮಾರಪರ್ವತ. ಪೇಟೆಯ ಹುಡುಗರು ಬಂದು ಹತ್ತುತ್ತಾರೆ, ಇಳಿಯುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮಗೆ ಅದು ಗೋಡೆ. ಗೋಡೆಯ ಈಚೆ ದಕ್ಷಿಣ ಕನ್ನಡ, ಆಚೆ ಕೊಡಗು. ಆಚೆಯವರು ಅದನ್ನು ಪುಷ್ಪಗಿರಿ ಅನ್ನುತ್ತಾರೆ. ಕಾಫಿ ಕೊಯ್ಲಿನ ಕಾಲಕ್ಕೆ ನಮ್ಮ ಅಜ್ಜಿಯರು ಸುಳ್ಯ, ಸಂಪಾಜೆ ಸುತ್ತಿ, ಘಟ್ಟ ಹತ್ತಿ ಆಚೆ ಹೋಗುತ್ತಿದ್ದರು. ಲೈನ್ ಮನೆಯಲ್ಲಿ ಎರಡು ತಿಂಗಳು ಮಲಗಿ, ಬೆರಳ ತುದಿ ಸೀಳಿಸಿಕೊಂಡು, ಕೂಲಿ ಮತ್ತು ಜ್ವರ ಎರಡನ್ನೂ ಹೊತ್ತು ವಾಪಸಾಗುತ್ತಿದ್ದರು. ಜೊತೆಗೆ ಒಂದಿಷ್ಟು ಸುದ್ದಿ. ‘ಆ ಊರಲ್ಲಿ ಮನೆಗೊಬ್ಬ ಮಿಲಿಟ್ರಿ ಮಾರಾಯ, ಗೋಡೆ ತುಂಬ ಟೋಪಿ ಹಾಕಿದವರ ಪಟ’ ಅಂತ ಅಜ್ಜಿ ಹೇಳುವುದು. ಅಂಗಳದಿಂದಲೇ ಕಿಟಕಿಯೊಳಗೆ ಕಂಡ ಪಟಗಳು ಅವು. ಒಳಗೆ ಹೋಗಿ ಹೆಸರು ಕೇಳುವ ಪೈಕಿ ನಾವಲ್ಲ.

ಆ ಕೊಡಗಿನ ಒಬ್ಬನ ಹೆಸರನ್ನು ನಾವು ಮೊದಲು ಕೇಳಿದ್ದು 2025ರ ಜನವರಿಯಲ್ಲಿ. ‘ಸ್ಕೈ ಫೋರ್ಸ್’ ಅನ್ನುವ ಹಿಂದಿ ಸಿನಿಮಾ ಬಂತು. ಗೆಳೆಯರು ಸೇರಿ ನೋಡಿದೆವು. ಹಾಡು, ಬೆಂಕಿ, ಕಣ್ಣೀರು ಎಲ್ಲ ಇತ್ತು. ಆದರೆ ಸತ್ತ ಮನುಷ್ಯನ ಹೆಸರೇ ಅಲ್ಲಿರಲಿಲ್ಲ, ಬದಲಿಸಿಬಿಟ್ಟಿದ್ದರು! ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. ಹುಟ್ಟಿದ್ದು 1932ರ ಡಿಸೆಂಬರ್ 24. ಸತ್ತದ್ದು 1965ರ ಸೆಪ್ಟೆಂಬರ್ 7. ಮೂವತ್ತಮೂರು ತುಂಬಿರಲಿಲ್ಲ.

ಸಿನಿಮಾ ಮುಗಿದು ಹೊರಗೆ ಬಂದಾಗ ನಮ್ಮಲ್ಲೇ ಜಗಳ ಹತ್ತಿತು. ಒಬ್ಬ ಅಂದ: ‘ಕೋವಿ ಇದ್ದವರ ಮನೆಯವ, ತೋಟ ಇದ್ದವರ ಊರಿನವ. ಅವ ಸತ್ತರೆ ನಾವ್ಯಾಕೆ ಅಳಬೇಕು? ನಮ್ಮಜ್ಜಿ ಜ್ವರ ಬಂದು ಲೈನ್ ಮನೆಯಲ್ಲಿ ಬಿದ್ದಿದ್ದಾಗ ಯಾರು ಅತ್ತರು?’ ಮಾತು ಸುಳ್ಳಲ್ಲ. ನಾವು ಸುಮ್ಮನಾದೆವು. ಆದರೆ ಸುಮ್ಮನಿದ್ದು ಆ ಕತೆಯನ್ನು ಬಿಟ್ಟುಬಿಡಲಿಕ್ಕೂ ಆಗಲಿಲ್ಲ. ಓದುತ್ತ ಹೋದೆವು. ಓದಿದ್ದನ್ನು ಓದುಗ ಗೆಳೆಯರ ಮುಂದೆ ಇಡುತ್ತೇವೆ.

1965ರ ಯುದ್ಧ. ಪಾಕಿಸ್ತಾನದ ಅತಿ ದೊಡ್ಡ ವಿಮಾನನೆಲೆ ಸರ್ಗೋಧ. ಅದರ ಮೇಲೆ ಬೆಳಗಿನ ಜಾವ ಬೀಳಬೇಕೆಂದು ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ವಿಮಾನಗಳು ಹೊರಟವು. ಮುಂದಾಳು ವಿಂಗ್ ಕಮಾಂಡರ್ ಒ.ಪಿ. ತನೇಜಾ. ಆ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯ ಇರಲಿಲ್ಲ. ಹಾರಾಟ ಕಲಿಸುವ ಮೇಷ್ಟ್ರಾಗಿದ್ದವರು ಅವರು, ಯುದ್ಧಕ್ಕೆ ಬಂದು ಸೇರಿಕೊಂಡಿದ್ದರು. ಅವತ್ತು ಅವರದ್ದು ಕಾಯುವ ಕೆಲಸ. ಹನ್ನೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ಆ ಜಾಗ ತುಂಬುವುದು. ಒಂದು ಜಾಗ ಖಾಲಿಯಾಯಿತು. ಹೊರಟರು. ಹೆಸರು ಬರಲಿ ಎಂದು ಕಾಯುವ ಪಟ್ಟಿ ಅಂದರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಾಸ್ಟೆಲಿನ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ, ಕೆಲಸಕ್ಕೆ ನಾವು ನಿಂತದ್ದೆಲ್ಲ ಅಂಥ ಪಟ್ಟಿಯಲ್ಲೇ. ಆದರೆ ನಮ್ಮ ಪಟ್ಟಿಯ ತುದಿಯಲ್ಲಿ ಸಾವಿರಲಿಲ್ಲ, ಇದನ್ನೂ ಹೇಳಿಬಿಡಬೇಕು.

ಮಿಸ್ಟೇರ್ ಫ್ರಾನ್ಸಿನಲ್ಲಿ ಮಾಡಿದ್ದು. ಸರ್ಗೋಧ ಅಂದರೆ ಅದರ ಎಟುಕಿನ ಕೊನೆಯಂಚು. ಹೋಗಿ ಬಾಂಬು ಹಾಕಿ ಬರುವಷ್ಟೇ ಎಣ್ಣೆ, ನಡುವೆ ಕುಸ್ತಿ ಹಿಡಿಯುವುದಕ್ಕೆ ಇಲ್ಲ. ಅಡ್ಡ ಬಂದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಓಡುವ ವಿಮಾನ. ಮಿಸ್ಟೇರಿಗೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟುವುದಕ್ಕೂ ಆಗುವುದಿಲ್ಲ. ಸ್ಟಾರ್‌ಫೈಟರನ್ನು ಓಡಿಸುತ್ತಿದ್ದವರು ಅಮ್ಜದ್ ಹುಸೇನ್. ಅವರು ಹೊಡೆದರು. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಏಟು ತಿಂದ ಆ ನಿಧಾನದ ವಿಮಾನ ತಿರುಗಿ ಎದುರುಬಿತ್ತು, ಹೊಡೆಯಿತು. ಸ್ಟಾರ್‌ಫೈಟರ್ ಬಿತ್ತು. ಅಮ್ಜದ್ ಹುಸೇನ್ ಕೊಡೆ ಬಿಚ್ಚಿ ಹಾರಿ ಬದುಕಿದರು. ದೇವಯ್ಯ ಬದುಕಲಿಲ್ಲ. ಮುಂದೆ ಹಾರುತ್ತಿದ್ದ ಜೊತೆಯವರಿಗೆ ಹಿಂದೆ ಹೀಗೊಂದು ಕಾಳಗವಾಯಿತು ಎಂಬುದೇ ಗೊತ್ತಾಗಲಿಲ್ಲ. ಆದಂಪುರಕ್ಕೆ ಮರಳಿದ ಮೇಲೆ ಲೆಕ್ಕ ಹಾಕಿದರು. ಒಂದು ಕಮ್ಮಿ.

‘ಕಾಣೆಯಾಗಿದ್ದಾರೆ’ ಎಂದು ಬರೆದರು. ಆಮೇಲೆ ‘ಸತ್ತಿರಬೇಕು’ ಎಂದು ಬರೆದರು. ಮನೆಯಲ್ಲಿ ಹೆಂಡತಿ, ಇಬ್ಬರು ಎಳೆಯ ಹೆಣ್ಣುಮಕ್ಕಳು. ಸತ್ತನೋ ಬದುಕಿದ್ದಾನೋ ಅನ್ನುವುದರ ನಡುವೆ ಒಂದು ಮನೆ ಹೇಗೆ ಉಸಿರಾಡುತ್ತದೆ ಅನ್ನುವುದನ್ನು ನಾವು ಆಮೇಲೆ ಹೇಳುತ್ತೇವೆ, ನಮ್ಮದೂ ಒಂದು ಕತೆ ಇದೆ.

ಅದೇ ತಿಂಗಳು ಕೊಡಗಿನ ಇನ್ನೊಬ್ಬ ಪೈಲಟ್ ಪಾಕಿಸ್ತಾನದಲ್ಲಿ ಬಿದ್ದರು. ಸೆಪ್ಟೆಂಬರ್ 22ರಂದು. ಅವರು ಜನರಲ್ ಕಾರಿಯಪ್ಪನವರ ಮಗ, ಕೆ.ಸಿ. ಕಾರಿಯಪ್ಪ. ಪಾಕಿಸ್ತಾನವನ್ನು ಆಳುತ್ತಿದ್ದ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರಿಯಪ್ಪನವರ ಕೈಕೆಳಗೆ ಇದ್ದವರು. ಹಾಗಾಗಿ ಮಗ ಕ್ಷೇಮ ಅನ್ನುವ ಸುದ್ದಿ ಅಪ್ಪನಿಗೆ ಬೇಗ ಮುಟ್ಟಿತು. ನನ್ನ ಮಗನಿಗೆಂದೇ ಬೇರೆ ಸವಲತ್ತು ಬೇಡ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ ಆ ಮುದುಕ. ದೊಡ್ಡ ಮಾತು, ನಾವು ಕಡಿಮೆ ಮಾಡುವುದಿಲ್ಲ. ಆದರೂ ಗೆಳೆಯರೆ, ಒಂದೇ ಜಿಲ್ಲೆ, ಒಂದೇ ಯುದ್ಧ, ಒಂದೇ ಸಮವಸ್ತ್ರ. ಒಂದು ಮನೆಗೆ ಸುದ್ದಿ ಬಂತು. ಇನ್ನೊಂದು ಮನೆಗೆ ಬರಲಿಕ್ಕೆ ಎಷ್ಟು ವರ್ಷ ಹಿಡಿಯಿತು ಗೊತ್ತೇ?

1971ರಲ್ಲಿ ಮತ್ತೆ ಯುದ್ಧ. ಡಿಸೆಂಬರ್ 5ರಂದು ಅಮೃತಸರದ ಹತ್ತಿರ ಒಂದು ಸ್ಟಾರ್‌ಫೈಟರ್ ನಮ್ಮ ಗುಂಡಿಗೆ ಸಿಕ್ಕಿ ಬಿತ್ತು. ಹಾರಿ ಇಳಿದು ಸೆರೆಸಿಕ್ಕ ಪೈಲಟ್ ಅದೇ ಅಮ್ಜದ್ ಹುಸೇನ್. ದೇವಯ್ಯನವರನ್ನು ಕೊನೆಯದಾಗಿ ಕಂಡ ಮನುಷ್ಯ ನಮ್ಮ ಸೆರೆಯಲ್ಲೇ ಕೂತಿದ್ದ, ಆಮೇಲೆ ತನ್ನ ಊರಿಗೆ ಹೋದ. ದೇವಯ್ಯನವರ ಕಡತದಲ್ಲಿ ಒಂದು ಅಕ್ಷರವೂ ಅಲುಗಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಅನ್ನುವ ಇಂಗ್ಲಿಷಿನವನು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದ. ಅದರಲ್ಲಿ ಸರ್ಗೋಧದ ಹತ್ತಿರ ಒಂದು ಸ್ಟಾರ್‌ಫೈಟರ್ ಮಿಸ್ಟೇರಿನ ಜೊತೆಗಿನ ಕಾಳಗದಲ್ಲಿ ಹೋಯಿತು ಎಂದಿತ್ತು. ಯಾವ ಮಿಸ್ಟೇರ್? ಅವತ್ತು ವಾಪಸಾಗದೇ ಉಳಿದದ್ದು ದೇವಯ್ಯನವರದ್ದು. ತನೇಜಾ ಕೂಡ ಅದಕ್ಕೆ ದನಿಗೂಡಿಸಿದರು. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ಹೆಂಡತಿ ಹೋಗಿ ತೆಗೆದುಕೊಂಡರು. ಇಪ್ಪತ್ತಮೂರು ವರ್ಷ.

ಶತ್ರು ಬರೆದದ್ದಕ್ಕೆ ಅವರ ಕತೆ ಉಳಿಯಿತು. ಇದು ನಮ್ಮನ್ನು ತಿನ್ನುತ್ತಿರುವ ಮಾತು. ಬರೆಯುವ ಶತ್ರುವಾದರೂ ಅವರಿಗಿದ್ದ. ನಮ್ಮವರಿಗೆ ಅದೂ ಇಲ್ಲ.

ನಾವು ನಿಂತುಬಿಟ್ಟದ್ದು ಇನ್ನೊಂದು ಸಾಲಿನಲ್ಲಿ. ದೇವಯ್ಯನವರ ಹೆಣ ಹಳ್ಳಿಯವರಿಗೆ ಸಿಕ್ಕಿತಂತೆ, ಹೆಚ್ಚುಕಮ್ಮಿ ಹಾಗೇ ಇತ್ತಂತೆ. ಅವರು ಅದನ್ನು ಹೊಲದಲ್ಲಿ ಹೂತರಂತೆ. ಅಷ್ಟೇ. ಬರೆದವರು ಅವರನ್ನು ‘ಹಳ್ಳಿಯವರು’ ಅಂದು ಮುಂದೆ ಹೋಗಿದ್ದಾರೆ. ವಿಮಾನದ ಹೆಸರಿದೆ, ಹೊಡೆದವನ ಹೆಸರಿದೆ, ಹೊಡೆಸಿಕೊಂಡವನ ಹೆಸರಿದೆ. ಗುಂಡಿ ತೋಡಿದವರು ಯಾರು?

ಇದನ್ನು ಕೇಳುವ ಹಕ್ಕು ನಮಗಿದೆ. ಯಾಕೆಂದರೆ ನಮ್ಮಜ್ಜ ಗುಂಡಿ ತೋಡುತ್ತಿದ್ದವರು.

ಸುಬ್ರಹ್ಮಣ್ಯ ಅಂದರೆ ಯಾತ್ರೆಯ ಊರು. ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಳೆಗಾಲದಲ್ಲಿ ಕುಮಾರಧಾರಾ ಕೆಂಪಾಗಿ ಏರಿದಾಗ ಸ್ನಾನಕ್ಕಿಳಿದವರಲ್ಲಿ ಒಬ್ಬಿಬ್ಬರು ಮೇಲೆ ಬರುವುದಿಲ್ಲ. ಮೂರನೇ ದಿನ ಕೆಳಗಿನ ಗುಂಡಿಯಲ್ಲೋ ಬಿದಿರ ಮೆಳೆಯಲ್ಲೋ ಸಿಕ್ಕುತ್ತಾರೆ. ಆಗ ಯಾರೋ ಒಬ್ಬ ಓಡಿಬಂದು ನಮ್ಮ ಅಂಗಳದ ಆಚೆಯೇ ನಿಂತು ಕೂಗುವುದು: ‘ಓಯ್, ಒಂದು ಉಂಟು, ಬಾ.’ ಅಜ್ಜ ಹಾರೆ ಹೆಗಲಿಗೇರಿಸಿ ಹೊರಡುವುದು. ವಾರಸುದಾರರು ಸಿಕ್ಕದ ಹೆಣ. ಊರಿನವರು ಮುಟ್ಟದ ಹೆಣ. ಕಾಗದ ಬರೆದುಕೊಂಡವರು ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಕಾಗದದಲ್ಲಿ ಏನಿತ್ತೋ ಅಜ್ಜನಿಗೆ ಗೊತ್ತಿಲ್ಲ. ಅಜ್ಜನಿಗೆ ಗೊತ್ತಿದ್ದದ್ದು ಬೇರೆ. ಇವನ ಎಡಗೈಯಲ್ಲಿ ಹಚ್ಚೆ, ಇವಳ ಕಾಲ್ಬೆರಳಲ್ಲಿ ಉಂಗುರದ ಗುರುತು, ಇವನು ಬಡಗಿ ಇರಬೇಕು ಅಂಗೈ ನೋಡಿದರೆ ಗೊತ್ತಾಗುತ್ತದೆ ಅಂತ. ಒಂದೊಂದಕ್ಕೂ ತಲೆಕಡೆ ಹೊಳೆಯ ಒಂದು ಕಲ್ಲು. ಯಾವ ಕಲ್ಲು ಯಾರದ್ದು ಅನ್ನುವುದು ಅವರ ತಲೆಯಲ್ಲಿತ್ತು. ಬರೆಯಲು ಬರುತ್ತಿದ್ದರೆ ಅದೊಂದು ದೊಡ್ಡ ಪುಸ್ತಕ. ನಾವು ಡಿಗ್ರಿ ಮುಗಿಸಿ, ಅಕ್ಷರ ಹಿಡಿದು ಮನೆಗೆ ಬರುವ ಹೊತ್ತಿಗೆ ಅಜ್ಜನೂ ಒಂದು ಕಲ್ಲಿನ ಕೆಳಗಿದ್ದರು.

ಒಮ್ಮೆ ಘಟ್ಟದ ಮೇಲಿನಿಂದ ಒಬ್ಬ ಹಿರಿಯ ಬಂದನಂತೆ. ಎರಡು ಮಳೆಗಾಲದ ಹಿಂದೆ ಮಗ ಇಲ್ಲಿಗೆ ಬಂದವನು ಮನೆಗೆ ಮುಟ್ಟಲಿಲ್ಲ. ಎರಡು ವರ್ಷ ಆ ಮನೆಯವರು ದಿನಾ ರಾತ್ರಿ ಒಂದು ತಟ್ಟೆ ಅನ್ನ ಎತ್ತಿಡುತ್ತಿದ್ದರಂತೆ, ಬೆಳಿಗ್ಗೆ ನಾಯಿಗೆ ಹಾಕುತ್ತಿದ್ದರಂತೆ. ಹುಡುಗನ ಹುಬ್ಬಿನ ಮೇಲೆ ಹಳೇ ಗಾಯ ಅಂತ ಹೇಳಿದ. ಅಜ್ಜ ಏನೂ ಮಾತಾಡದೆ ನೇರ ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ದೂರ ನಿಂತರು. ಆ ಮನುಷ್ಯ ಮಣ್ಣು ತಬ್ಬಿಕೊಂಡು ಅತ್ತ. ಕಾಯಿ ಒಡೆದ. ಜೊತೆಗೆ ಬಂದಿದ್ದ ದೊಡ್ಡವರಿಗೆಲ್ಲ ಕೈಮುಗಿದ. ಹೋದ.

ಅಜ್ಜ ಇದನ್ನು ಹೇಳುವಾಗಲೆಲ್ಲ ಕೊನೆಗೆ ಒಂದೇ ಮಾತು: ‘ನನ್ನ ಹೆಸರು ಕೇಳ್ಲಿಲ್ಲ ಅಂತ ಬೇಜಾರಿಲ್ಲ ಮಕ್ಳೆ. ಎಷ್ಟು ಆಳ ತೋಡಿದ್ದಿ ಅಂತ ಕೇಳಬೇಕಿತ್ತು. ನರಿ ಮುಟ್ಟದ ಹಾಗೆ ತೋಡಿದ್ದೆ.’

ಸರ್ಗೋಧದ ಹೊಲದಲ್ಲೂ ಯಾರೋ ಒಬ್ಬ ಹಾಗೆ ತೋಡಿರಬೇಕು. ಮೇಲಿನಿಂದ ಬಾಂಬು ಹಾಕಲು ಬಂದವರ ಪೈಕಿಯ ಒಬ್ಬನಿಗೆ. ಅದೂ ಬೆಳಗ್ಗೆಯ ಹೊತ್ತು, ಯುದ್ಧ ನಡೆಯುತ್ತಿರುವಾಗ. ಹದ್ದಿಗೆ ಬಿಡಬಹುದಿತ್ತು, ಬಿಡಲಿಲ್ಲ.

ನಮ್ಮ ಕೇರಿಯ ಹುಡುಗನೊಬ್ಬ ನೌಕಾಪಡೆ ಸೇರಿ ಕಾರವಾರದ ಕದಂಬ ನೆಲೆಯಲ್ಲಿದ್ದಾನೆ. ರಜೆಗೆ ಬಂದಾಗ ಇದನ್ನೆಲ್ಲ ಅವನಿಗೆ ಹೇಳಿದೆವು. ಅವನು ಕೇಳಿಸಿಕೊಂಡು, ‘ನಿಮ್ಮವನಿಗೆ ಮಣ್ಣಾದರೂ ಸಿಕ್ಕಿತು, ನಮ್ಮವರಿಗೆ ಅದೂ ಇಲ್ಲ’ ಅಂದ. ಅವನು ಹೇಳಿದ್ದು 1971ರ ಡಿಸೆಂಬರ್ 10ರ ಮಾತು. ಹಿಂದಿನ ದಿನವೇ ಅರಬ್ಬೀ ಸಮುದ್ರದಲ್ಲಿ ಖುಕ್ರಿ ಹಡಗು ಮುಳುಗಿತ್ತು, 18 ಅಧಿಕಾರಿಗಳು, 176 ನಾವಿಕರು. ಮಾರನೇ ದಿನ ನೌಕಾಪಡೆಯ ಅಲಿಜೆ ವಿಮಾನವೊಂದು ಅದೇ ಸಮುದ್ರದ ಮೇಲೆ ಹಾರುತ್ತಿತ್ತು. ಮೂತಿಯಲ್ಲಿ ಪಂಕ ತಿರುಗುವ ನಿಧಾನದ ವಿಮಾನ, ಜಲಾಂತರ್ಗಾಮಿ ಹುಡುಕುವುದು ಅದರ ಕೆಲಸ. ಅದಕ್ಕೂ ಎದುರಾದದ್ದು ಸ್ಟಾರ್‌ಫೈಟರೇ. ಒಳಗೆ ಮೂವರಿದ್ದರು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಹರಿದಾಸ್ ಸಿಂಗ್ ಸಿರೋಹಿ, ಇಬ್ಬರು ಅಧಿಕಾರಿಗಳು. ಮೂರನೆಯವರು ಪೆಟಿ ಆಫೀಸರ್ ಎಂ.ಒ. ವಿಜಯನ್. ಸಮುದ್ರ ಮೂವರನ್ನೂ ಇಟ್ಟುಕೊಂಡಿತು.

‘ಪೆಟಿ ಆಫೀಸರ್ ಅಂದರೆ?’ ಅಂತ ಕೇಳಿದೆವು. ‘ಹೆಸರಲ್ಲಿ ಆಫೀಸರ್ ಉಂಟು, ಆದರೆ ಆಫೀಸರ್ ಅಲ್ಲ’ ಅಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಹಿಂದೆ ಹಡಗುಗಳಲ್ಲಿ ಟೋಪಾಸ್ ಅಂತ ಒಂದು ದರ್ಜೆಯೇ ಇತ್ತು, ಕಕ್ಕಸು ತೊಳೆಯಲಿಕ್ಕೆ, ಅಂದ. ಆ ಕೆಲಸಕ್ಕೆ ಯಾರನ್ನು ಸೇರಿಸಿಕೊಳ್ಳುತ್ತಿದ್ದರು ಅಂತ ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಹಡಗು ಮುಳುಗುವಾಗ ನೀರು ಎಲ್ಲ ದರ್ಜೆಯನ್ನೂ ಮುಟ್ಟುತ್ತದೆ. ಆಮೇಲೆ ದಡದಲ್ಲಿ ನೆನೆಯುವಾಗ ಮತ್ತೆ ದರ್ಜೆ ಬರುತ್ತದೆ.

ಮೊನ್ನೆ ನಾವು ನಾಲ್ಕು ಜನ ಮಡಿಕೇರಿಗೆ ಹೋದೆವು. ಅಜ್ಜಿಯರು ಹೋದ ದಾರಿಯಲ್ಲೇ, ಬಸ್ಸಿನಲ್ಲಿ. ಸಂಪಾಜೆ ದಾಟಿದ ಮೇಲೆ ಜೋಡುಪಾಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಿದ್ದ ಜಾಗ. ಅಲ್ಲಿ ಬಸ್ಸಿನಲ್ಲಿ ಎಲ್ಲರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯೂ ಇದೆ. ಸುತ್ತ ಜೀಪು, ಆಟೋ, ಹೋಂಸ್ಟೇ ಹುಡುಕುವ ಜನ. ‘ನಾವ್ಯಾಕೆ ಅಳಬೇಕು’ ಅಂದಿದ್ದ ಗೆಳೆಯನೇ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತ. ಅಳಲಿಲ್ಲ. ಪ್ರತಿಮೆಯ ಮುಖ ನೋಡಲಿಲ್ಲ, ಬುಡ ನೋಡುತ್ತಿದ್ದ. ಕಲ್ಲು ಕೂರಿಸಿದ್ದು, ಗಾರೆ ಮೆತ್ತಿದ್ದು, ಮೂಲೆ ನೇರ ಬಂದದ್ದು. ಅವನಪ್ಪ ಗಾರೆ ಕೆಲಸದವರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತಲೆ, ಇಳಿಜಾರು, ಮಳೆಯ ಮೊದಲ ಹನಿ. ಅವನು ಕಂಬಿ ಹಿಡಿದು ನೇತಾಡುತ್ತ ನಮ್ಮ ಕಿವಿಯ ಹತ್ತಿರ ಬಾಯಿಟ್ಟು ಕೇಳಿದ:

‘ಆ ಸರ್ಗೋಧದ ಮಣ್ಣು ಹೇಗಿರ್ತದೆ? ಇಲ್ಲಿಯ ಹಾಗೆ ಮುರಕಲ್ಲಾ?’

ಅಲ್ಲ, ಅದು ಪಂಜಾಬು, ನದಿ ತಂದ ಮೆಕ್ಕಲು, ಕಾಲುವೆ ನೀರಿನ ಸೀಮೆ ಅಂದೆವು.

‘ಸೆಪ್ಟೆಂಬರ್ ಬೇರೆ’ ಅಂದ. ‘ಮಳೆ ಬಿದ್ದು ಮೆತ್ತಗೆ ಇದ್ದಿರಬೇಕು. ಹಾಗಾದರೆ ಆಳ ತೋಡಿರ್ತಾರೆ.’