ಅಮ್ಮಚ್ಚಿಯ ಅಂಗಳದ ಹೊಸ ಬಾತು

ಆಲಪ್ಪುಳ ಎಂದರೆ ನಮ್ಮವರಿಗೆ ಹೌಸ್‌ಬೋಟ್ ನೆನಪಾಗುತ್ತದೆ. ನನಗೆ ನೆನಪಾಗುವುದು ಬಾತುಕೋಳಿ. ಪತಿಗೆ ಅಲ್ಲಿಗೆ ವರ್ಗವಾದಾಗ ನೆಡುಮುಡಿಯ ಹತ್ತಿರ ಕಾಲುವೆಯ ದಂಡೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಗದಗಿನ ಕಡೆಯಿಂದ ಹೋದ ನನಗೆ ಅಷ್ಟು ನೀರು ಕಂಡೇ ಬೆರಗು. ಮನೆಯ ಮುಂದೆ ಕಾಲುವೆ, ಹಿಂದೆ ಗದ್ದೆ, ಗದ್ದೆ ಕಾಲುವೆಗಿಂತ ತಗ್ಗಿನಲ್ಲಿ! ಕುಟ್ಟನಾಡಿನ ಎಷ್ಟೋ ಗದ್ದೆಗಳು ಸಮುದ್ರಮಟ್ಟಕ್ಕಿಂತಲೂ ಒಂದೆರಡು ಮೀಟರ್ ಕೆಳಗಿವೆ. ನೀರನ್ನು ಪಂಪ್ ಹಚ್ಚಿ ಹೊರಹಾಕಿ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉದುರಿದ ಕಾಳು ಮೇಯಲು ಸಾವಿರಾರು ಬಾತುಗಳ ಹಿಂಡು ಗದ್ದೆಗಿಳಿಯುತ್ತದೆ. ಅದು ದೊಡ್ಡವರ ಸಾಕಣೆ. ಪಕ್ಕದ ಮನೆಯ ಅಮ್ಮಚ್ಚಿಯ ಹಿತ್ತಲಲ್ಲಿ ಇದ್ದದ್ದು ಆರು ಹೆಣ್ಣು ಬಾತು, ಅಷ್ಟೇ.

ಗಂಡು ಬಾತಿಗೆ ಅಲ್ಲಿಯವರು ‘ಪೂವನ್’ ಎನ್ನುತ್ತಾರೆ. ಇದ್ದೊಂದು ಪೂವನ್ ಮಳೆಗಾಲದಲ್ಲಿ ನಾಯಿಯ ಬಾಯಿಗೆ ಹೋಗಿತ್ತು. ಪೂವನ್ ಇಲ್ಲದೆಯೂ ಮೊಟ್ಟೆ ಬರುತ್ತದೆ, ಮರಿ ಬರುವುದಿಲ್ಲ. ಐದಾರು ಹೆಣ್ಣಿಗೆ ಒಂದು ಸಾಕು. ಹೆಚ್ಚಾದರೆ ಹೆಣ್ಣುಗಳ ಬೆನ್ನಿನ ಗರಿ ಉಳಿಯುವುದಿಲ್ಲ. ಒಂದು ಬೆಳಗ್ಗೆ ನೆಂಟರೊಬ್ಬರು ದೋಣಿಯಿಂದ ಬುಟ್ಟಿ ಇಳಿಸಿದರು. ಒಳಗೆ ‘ಚಾರ’ ತಳಿಯ ಪೂವನ್: ತಲೆ, ಕತ್ತಿನಲ್ಲಿ ಹಸಿರು ಮಿಂಚುವ ಕಪ್ಪು, ಬಾಲದ ಮೇಲೆ ಸುರುಳಿ ಸುತ್ತಿದ ಗರಿ. ದನಿ ಮಾತ್ರ ಗಂಟಲು ಕಟ್ಟಿದವರಂತೆ. ಜೋರಾಗಿ ‘ಕ್ವಾಕ್’ ಎನ್ನುವುದು ಹೆಣ್ಣೇ.

“ಅವುಗಳ ಜೊತೆ ಬಿಟ್ಟುಬಿಡಿ ಅಮ್ಮಚ್ಚಿ” ಎಂದೆ.

“ಇಲ್ಲ ಮೋಳೇ, 21 ದಿನ ಬೇರೆ.” ಮೋಳೇ ಎಂದರೆ ಮಗಳೇ.

ಅಡುಗೆಮನೆಯ ಹಿಂದೆ ಬಲೆ ಕಟ್ಟಿದ ಗೂಡು, ಬೇರೆ ನೀರಿನ ಪಾತ್ರೆ. ಮೇವು ಮೊದಲು ಹಳೆಯವಕ್ಕೆ, ಕೊನೆಗೆ ಹೊಸದಕ್ಕೆ. ಆಮೇಲೆ ಸೋಪು ಹಚ್ಚಿ ಕೈಕಾಲು ತೊಳೆಯಬೇಕು.

ಹತ್ತನೆಯ ದಿನ ಅಮ್ಮಚ್ಚಿ ಬೋಟ್ ಹಿಡಿದು ಪೇಟೆಗೆ ಹೋದರು. ಮೇವಿನ ಕೆಲಸ ನನ್ನದಾಯಿತು. ಪೂವನ್ ಬಲೆಗೆ ಎದೆಯೊತ್ತಿ ನಿಂತಿತ್ತು. ಭಾಷೆ ಬಾರದ ಊರಲ್ಲಿ ಮೊದಲ ತಿಂಗಳನ್ನು ಕಿಟಕಿಯ ಬಳಿ ಕಳೆದವಳು ನಾನು. ಅದನ್ನು ನೋಡಲಾಗದೆ ಬಾಗಿಲು ತೆಗೆದೆ. ಆರೂ ಹೆಣ್ಣುಗಳು ಕತ್ತು ಚಾಚಿ ಮೇಲೆ ಬಿದ್ದವು. ಅದು ಬಾಳೆಯ ಬುಡಕ್ಕೆ ಓಡಿತು. ಕಣ್ಣಿನ ಪಕ್ಕ ರಕ್ತ.

ಅಮ್ಮಚ್ಚಿ ಬಂದವರು ಬೈಯಲಿಲ್ಲ. ಮೊದಲು ಕಾಲುವೆಯ ಕಡೆಯ ಬೇಲಿ ಮುಚ್ಚಿದರು, ಆಮೇಲೆ ಹೇಳಿದರು. 2014ರ ನವೆಂಬರಿನಲ್ಲಿ ಕುಟ್ಟನಾಡಿಗೆ ಹಕ್ಕಿಜ್ವರ ಬಂದಾಗ, ರೋಗ ಕಂಡ ಜಾಗದ ಸುತ್ತ 1 ಕಿ.ಮೀ. ಒಳಗಿನ ಸಾಕುಹಕ್ಕಿಗಳನ್ನೆಲ್ಲ ಕೊಂದಿದ್ದರು. ಅಮ್ಮಚ್ಚಿಯ ಹನ್ನೊಂದು ಬಾತುಗಳಲ್ಲಿ ಒಂದಕ್ಕೂ ಕಾಯಿಲೆಯಿರಲಿಲ್ಲ.

“ಬುಟ್ಟಿಯಲ್ಲಿದ್ದ ಮೊಟ್ಟೆಯನ್ನೂ ಕೇಳಿದರು, ಕೊಟ್ಟೆ. ಅವರದೇನು ತಪ್ಪು? ಕಾಲುವೆ ನನ್ನೊಬ್ಬಳದಲ್ಲವಲ್ಲ.”

ಎದುರು ದಡದ ಮನೆಗಳ ಬಾತುಗಳೂ ಈಜುವುದು ಅದೇ ನೀರಿನಲ್ಲಿ ಎಂಬುದು ನನಗೆ ಆಗಲೇ ಹೊಳೆದದ್ದು. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು, ಈ ಸಲ ಏಳಕ್ಕೂ. ಯಾವುದೂ ಅಂಗಳ ದಾಟುವಂತಿಲ್ಲ. ಬಾತಿಗೆ ಕುಡಿಯಲಷ್ಟೇ ಅಲ್ಲ, ತಲೆ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳಲೂ ನೀರು ಬೇಕು. ಮನೆಯ ಮುಂದೆ ಕಾಲುವೆ ಹರಿಯುತ್ತಿದ್ದರೂ ದಿನಕ್ಕೆ ಎಂಟು ಕೊಡ ನಲ್ಲಿ ನೀರು ಹೊತ್ತು ಬಾನಿ ತುಂಬಿಸಿದೆ. ಯಾರೂ ಹೇಳಲಿಲ್ಲ, ನಾನೇ ಮಾಡಿದೆ.

ಪೂವನ್‌ನ ಗೂಡನ್ನು ಈಗ ಅಂಗಳದ ನಡುವೆ ಇಟ್ಟರು. ಒಂದಕ್ಕೊಂದು ಕಾಣಬೇಕು, ಕುಕ್ಕಲಾಗಬಾರದು. ಎರಡನೆಯ ವಾರ ಹಿರಿಯ ಕಂದು ಹೆಣ್ಣು ಬಲೆಯೆದುರು ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಪೂವನ್ ಕೂಡ ಆಡಿಸಿತು. “ಮಾತು ಶುರುವಾಯಿತು” ಎಂದರು ಅಮ್ಮಚ್ಚಿ. ಮರುದಿನ ಸಂಜೆ ಎರಡು ಕಡೆ ಮೇವಿಟ್ಟು ಗೂಡು ತೆರೆದರು. ಒಂದೆರಡು ಕುಕ್ಕು ಬಿತ್ತು, ಅಷ್ಟೇ.

21 ದಿನ ಮುಗಿದ ಬೆಳಗ್ಗೆ ಬೇಲಿ ತೆಗೆದರು. ಕಂದು ಹೆಣ್ಣು ಮೊದಲು ನೀರಿಗಿಳಿಯಿತು, ಪೂವನ್ ಕೊನೆಗೆ. ನಾನು ಅದನ್ನೇ ನೋಡುತ್ತಿದ್ದೆ. ಅಮ್ಮಚ್ಚಿ ನೋಡುತ್ತಿದ್ದುದು ಎದುರು ದಡದ ಬಾತುಗಳನ್ನು.

ಅಲ್ಲಿಯ ಬಾತುಗಳು ಕಾವಿಗೆ ಕೂರುವುದು ಅಪರೂಪ. ಮುಂದೆ ಒಂಬತ್ತು ಮೊಟ್ಟೆಗಳನ್ನು ಕೋಳಿಯ ಕೆಳಗಿಟ್ಟರು. 28 ದಿನಕ್ಕೆ ಏಳು ಮರಿಗಳಾದವು. ಮೊದಲ ಎರಡನ್ನು ಅಮ್ಮಚ್ಚಿ ದೋಣಿಯಲ್ಲಿ ಎದುರು ದಡದ ಮನೆಗೆ ಕಳಿಸಿಕೊಟ್ಟರು.